ಕನ್ನಡದ ಮೊದಲ ಇಂದ್ರಜಿತು

ಬಿನ್ನಿಪೇಟೆಯಿಂದ ಸಿಟಿ ಮಾರ್ಕೆಟ್ಟಿನತ್ತ ಹೊರಟಾಗಲೆಲ್ಲ, ಅಲ್ಲಿ ಹಿಂದೆ ಇದ್ದ ಪ್ಯಾರಾಮೌಂಟ್ ಚಿತ್ರಮಂದಿರದ ಯೋಚನೆ ನನಗೆ ಬರುತ್ತದೆ. ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಅಲ್ಲಿಯೇ.

ಅದರಲ್ಲಿ ಇಂದ್ರಜಿತುವಾದವರು ಎಂ. ವಿ. ಸುಬ್ಬಯ್ಯ ನಾಯಿಡುಗಳು, ರಾವಣ, ಆರ್. ನಾಗೇಂದ್ರರಾಯರು. ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು; ಜೊತೆಗೂಡಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದವರು. ಚಿತ್ರ ತಯಾರಾದದ್ದು ದೂರದ ಕೊಲ್ಲಾಪುರದಲ್ಲಿ. 1940ರ ತೆಲುಗು ‘ಭೂಕೈಲಾಸ’ದಲ್ಲಿ ರಾವಣನ ಪಾತ್ರ ನಾಯಿಡುಗಳದಾಯಿತು. 1962ರಲ್ಲಿ ಅವರು ತೀರಿಕೊಂಡರು. ಮಗ ಲೋಕೇಶ್ ಅದೇ ಹಾದಿಯಲ್ಲಿ ಹೆಸರು ಮಾಡಿದರು.

ನಾಟಕ ಆ ರಾತ್ರಿಗೇ ಮುಗಿಯುತ್ತದೆ, ಚಿತ್ರ ಉಳಿಯುತ್ತದೆ ಎನ್ನುವುದುಂಟು. ಆದರೆ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತನಾಡಿದ ಆ ಕಂಠವನ್ನು ನಾವಿನ್ನು ಕೇಳಲಾರೆವು. ಕಾಪಾಡುವವರಿಲ್ಲದಿದ್ದರೆ ಚಿತ್ರದ ಆಯುಸ್ಸೂ ನಾಟಕದಷ್ಟೇ.