ವೇಣುಗೋಪಾಲನ ಕಾಡು: ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯಲ್ಲಿ ನಿಸರ್ಗದ ದನಿ ಮತ್ತು ಮೈಮನದ ನೆಮ್ಮದಿ

ಹರಿಯುವ ನೀರಿನ ಸದ್ದು, ಗಾಳಿಗೆ ಅಲುಗುವ ಎಲೆಯ ಸದ್ದು, ಹಕ್ಕಿಯ ಕೂಗು ಮನಸ್ಸಿನ ಬಿಗಿಯನ್ನು ಸಡಿಲಿಸುತ್ತವೆ. ಮನಸ್ಸು ಹಗುರಾದರೆ ಮೈಗೂ ಚರ್ಮಕ್ಕೂ ಕಳೆ ಬರುತ್ತದೆ. ಈ ನಂಬಿಕೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಹಳೆಯ ಬೇರುಗಳಿವೆ. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರದ ಕಾಡು ಮತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇವೆ. ಚಾಮರಾಜನಗರದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಅದರಾಚೆ ಮಲೆ ಮಹದೇಶ್ವರನ ಏಳುಮಲೆ ಇವೆ. ಈ ಮೂರೂ ಕಡೆ ಜನ ದೇವರನ್ನು ಕಾಣಲು ಹೋದಾಗ ನೀರಿನಲ್ಲಿ ಮಿಂದರು, ಕಾಡಿನ ನಡುವೆ ತಂಗಿದರು, ಹಾಡು ಕೇಳಿದರು. ದನಿಯನ್ನು ಬೇರೆ, ನೀರನ್ನು ಬೇರೆ, ಮೈಯನ್ನು ಬೇರೆ ಎಂದು ಅವರು ಎಣಿಸಲಿಲ್ಲ. ಹೀಗಾಗಿ ಇಲ್ಲಿ ನಿಸರ್ಗದ ದನಿಯ ಚರಿತ್ರೆಯನ್ನು ಈ ಬೆಟ್ಟಗಳ ಚರಿತ್ರೆಯೊಳಗೇ ಹುಡುಕಬೇಕು.

ಕೊಳಲು ಮತ್ತು ಕೊಳ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ಸುಮಾರು 1450 ಮೀಟರ್. ವರ್ಷದ ಬಹುಪಾಲು ಮಂಜು ಮುಸುಕಿರುವುದರಿಂದ ಬೆಟ್ಟಕ್ಕೆ ಈ ಹೆಸರು. ಇಲ್ಲಿನ ದೇವಾಲಯವನ್ನು ಹೊಯ್ಸಳ ಬಲ್ಲಾಳ 1315ರ ಸುಮಾರಿಗೆ ಕಟ್ಟಿಸಿದನೆಂಬ ಪ್ರತೀತಿಯಿದೆ. ಮುಂದೆ ಮೈಸೂರಿನ ಒಡೆಯರು ಇದಕ್ಕೆ ನಡೆದುಕೊಂಡರು. ಗರ್ಭಗುಡಿಯಲ್ಲಿರುವವನು ವೇಣುಗೋಪಾಲ. ಮರದಡಿ ನಿಂತು ಕೊಳಲೂದುವ ಕೃಷ್ಣ, ಕಿವಿಗೊಟ್ಟು ನಿಂತ ದನಗಳು, ಸುತ್ತ ಗೋಪಾಲಕರು. ದನ ಮೇಯಿಸಿ ಬದುಕಿದ ಕಾಡಂಚಿನ ಹಳ್ಳಿಗಳಿಗೆ ಈ ಚಿತ್ರ ದೂರದ ಪುರಾಣವಾಗಿರಲಿಲ್ಲ. ಬಿದಿರಿನ ಒಂದು ತುಂಡಿನಿಂದ ಹೊರಟ ದನಿಗೆ ಬೆದರಿದ ಜೀವವೂ ನೆಲೆಗೆ ನಿಲ್ಲುತ್ತದೆ ಎಂಬುದು ಆ ಶಿಲ್ಪದ ಒಳಗಿನ ಮಾತು.

ಬೆಟ್ಟದ ಮೇಲೆ ಎಂಟು ತೀರ್ಥಗಳನ್ನು ಹೆಸರಿಸುತ್ತಾರೆ. ಅವುಗಳಲ್ಲಿ ಹಂಸತೀರ್ಥದ ಕಥೆ ಪ್ರಸಿದ್ಧ: ಕಾಗೆಯೊಂದು ಆ ನೀರಿನಲ್ಲಿ ಮಿಂದು ಹಂಸವಾಯಿತು, ಅಂದಿನಿಂದ ಬೆಟ್ಟದಲ್ಲಿ ಕಾಗೆ ಕಾಣುವುದಿಲ್ಲ ಎನ್ನುತ್ತದೆ ಸ್ಥಳಪುರಾಣ. ಇಲ್ಲಿ ಪುಣ್ಯದ ಫಲ ಪರಲೋಕದಲ್ಲಿಲ್ಲ. ಅದು ಮೈಯ ಮೇಲೆಯೇ ಕಾಣುತ್ತದೆ. ಮಿಂದವರು ಹೊಸ ಮೈ ಪಡೆದು ಏಳುತ್ತಾರೆ ಎಂಬ ಭಾವನೆ ಕನ್ನಡ ನಾಡಿನ ಅನೇಕ ತೀರ್ಥಗಳಿಗೆ ಸಾಮಾನ್ಯ. ಗೋಪಾಲಸ್ವಾಮಿ ಬೆಟ್ಟದಲ್ಲಿ ಆ ಭಾವನೆ ಕೊಳಲಿನ ದೇವರ ಪಕ್ಕದಲ್ಲೇ ನೆಲೆ ಕಂಡಿದೆ.

ಸೋಲಿಗರ ಅಬ್ಬಿ ಮತ್ತು ಹಾಡು

ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳು ಸೋಲಿಗರು. ಅವರ ಕುಲಗಳು ಕಾಡನ್ನು ಯೆಲ್ಲೆಗಳಾಗಿ ಹಂಚಿಕೊಂಡಿದ್ದವು. ಪ್ರತಿ ಯೆಲ್ಲೆಯಲ್ಲೂ ಪೂಜೆಯ ತಾಣಗಳಿದ್ದವು: ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ. ಅಬ್ಬಿ ಎಂದರೆ ನೀರಿನ ನೆಲೆ. ನೀರು ಜಿನುಗುವ, ಸದ್ದು ಮಾಡಿ ಹರಿಯುವ ಜಾಗವೇ ಅಲ್ಲಿ ದೇವರಾಗಿದೆ. ಭಾರ್ಗವಿ ತೊರೆಯ ದಡದಲ್ಲಿ ನಿಂತಿರುವ ದೊಡ್ಡ ಸಂಪಿಗೆ ಮರ ಇಂಥ ತಾಣಗಳಲ್ಲೆಲ್ಲ ಹೆಸರಾದದ್ದು. ಗೋಡೆಯಿಲ್ಲ, ಗೋಪುರವಿಲ್ಲ, ಮರ, ಅದರ ಬುಡದ ಕಲ್ಲುಗಳು, ಪಕ್ಕದಲ್ಲಿ ಹರಿವ ನೀರು ಇಷ್ಟೇ ಅಲ್ಲಿನ ಗುಡಿ.

ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ಕಥೆ. ಆ ನಂಟಿನಿಂದ ಅವರು ದೇವರನ್ನು ಭಾವ ಎಂದು ಕರೆಯುತ್ತಾರೆ. ರೊಟ್ಟಿಹಬ್ಬದ ರಾತ್ರಿ ಬೆಂಕಿಯ ಸುತ್ತ ಕುಣಿಯುತ್ತ ಹಾಡುವಾಗ ‘ಗೋರು ಗೋರುಕ ಗೋರುಕನ’ ಎಂಬ ಸೊಲ್ಲು ಮತ್ತೆ ಮತ್ತೆ ಮರಳುತ್ತದೆ. ಕಾಡಿನ ಮರ, ಮೃಗ, ಹಕ್ಕಿಗಳು ಆ ಹಾಡುಗಳಲ್ಲಿ ಒಂದೊಂದಾಗಿ ಹೆಸರು ಹೇಳಿಸಿಕೊಂಡು ಬರುತ್ತವೆ. ಕಾಡಿನ ಸದ್ದನ್ನು ಸೋಲಿಗರು ಕೇಳಿ ಸುಮ್ಮನಾದವರಲ್ಲ, ಅದನ್ನು ಹಾಡಿ ಉಳಿಸಿಕೊಂಡವರು. ದಣಿದ ಮೈ ಕುಣಿತದಲ್ಲಿ, ಕುಗ್ಗಿದ ಮನಸ್ಸು ಒಟ್ಟಾಗಿ ಹಾಡುವುದರಲ್ಲಿ ಬಿಡುವು ಕಂಡುಕೊಂಡವು.

ಚರ್ಮದ ಆರೈಕೆಯ ಸಾಮಗ್ರಿಯೂ ಇದೇ ಕಾಡಿನಿಂದ ಇಳಿದು ಬರುತ್ತಿತ್ತು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳಗಳನ್ನು ಸೋಲಿಗರು ಸಂಗ್ರಹಿಸಿದರು. ಬಯಲಿನ ಮನೆಗಳಲ್ಲಿ ಅವು ಸ್ನಾನಕ್ಕೆ, ಮದ್ದಿಗೆ ಬಳಕೆಯಾದವು. ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳ ಅರಿಶಿನವೂ ಇದರ ಜೊತೆ ಸೇರಿತು.

ರಾತ್ರಿಯಿಡೀ ಕೇಳುವ ಕಥೆ

ಜಿಲ್ಲೆಯ ಪೂರ್ವದಲ್ಲಿ ದನಿಯ ಇನ್ನೊಂದು ಪರಂಪರೆ ಬೆಳೆಯಿತು. ಮಹದೇಶ್ವರನ ಗುಡ್ಡರು (ದೀಕ್ಷೆ ಪಡೆದ ಭಕ್ತರು) ಕಂಚಿನ ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡಿದರು. ಮಲೆಗೆ ಪರಸೆ ಹೋದವರು ಅಂತರಗಂಗೆಯಲ್ಲಿ ಮಿಂದು ದೇವರ ದರ್ಶನ ಮಾಡುವುದು ಇಂದಿಗೂ ಉಳಿದ ಪದ್ಧತಿ. ಮಂಟೇಸ್ವಾಮಿ ಕಥೆಯಲ್ಲಿ ಗುರುವಾದ ಮಂಟೇಸ್ವಾಮಿ ಶರಣರ ಕಲ್ಯಾಣ ಪಟ್ಟಣಕ್ಕೆ ಬರುವುದು ಕುಷ್ಠರೋಗಿಯ ರೂಪದಲ್ಲಿ. ಚರ್ಮದ ಕಾಯಿಲೆಯವರನ್ನು ಊರು ಹೊರಗಿಡುತ್ತಿದ್ದ ಕಾಲದಲ್ಲಿ, ಹುಣ್ಣಿನ ಮೈಯೊಳಗೆ ಜಗದ ಒಡೆಯನನ್ನು ಕಾಣಿಸಿದ ಈ ಹಾಡು ಕೇಳುಗರಿಗೆ ದೊಡ್ಡ ಸಾಂತ್ವನವಾಗಿತ್ತು. ಚರ್ಮದ ನೋವಿನಲ್ಲಿ ಅರ್ಧ ಪಾಲು ಅವಮಾನದ್ದೇ ಎಂಬ ತಿಳಿವು ಇಲ್ಲಿದೆ.

ಆಯುರ್ವೇದದ ಶಾಸ್ತ್ರಗ್ರಂಥಗಳೂ ದನಿಯನ್ನು ಮರೆಯಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯ ರೋಗಿಯ ಶುಶ್ರೂಷೆಗೆ ಬೇಕಾದ ಮನೆಯನ್ನು ವಿವರಿಸುತ್ತ, ಪರಿಚಾರಕರ ಸಾಲಿನಲ್ಲಿ ಹಾಡುವವರನ್ನೂ ವಾದ್ಯ ನುಡಿಸುವವರನ್ನೂ ಕಥೆ ಹೇಳುವವರನ್ನೂ ಸೇರಿಸಿದೆ.

ಬೇಟೆಯ ಗದ್ದಲದಿಂದ ಅಭಯಾರಣ್ಯದವರೆಗೆ

19ನೆಯ ಶತಮಾನದಲ್ಲಿ ಈ ಕಾಡಿನ ದನಿ ಬದಲಾಯಿತು. ಬಿಳಿಗಿರಿರಂಗನ ತಪ್ಪಲಲ್ಲಿ ನೆಲೆಸಿದ್ದ ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಮೈಸೂರು ಸಂಸ್ಥಾನದ ಮೊದಲ ಯಶಸ್ವಿ ಖೆಡ್ಡಾ ನಡೆಸಿದನು. ತಮಟೆ, ಬೆಂಕಿ, ಕೋವಿಯ ಸದ್ದಿನಿಂದ ಆನೆಹಿಂಡನ್ನು ಬೆದರಿಸಿ ಭದ್ರವಾದ ಆವರಣದೊಳಗೆ ಅಟ್ಟಿ ಹಿಡಿಯುವುದೇ ಖೆಡ್ಡಾ. ಇಲ್ಲಿ ಸದ್ದು ಭಯದ ಸಾಧನವಾಯಿತು.

ಮುಂದಿನ ಶತಮಾನದಲ್ಲಿ ಕಾಡಿಗೆ ಕಿವಿಗೊಡುವವರು ಬಂದರು. ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಬಿಳಿಗಿರಿರಂಗನ ಬೆಟ್ಟಗಳಲ್ಲೂ ಓಡಾಡಿದರು. 1931ರಲ್ಲಿ ಬಂಡೀಪುರದಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯವೆಂದು ಘೋಷಿಸಲಾಗಿತ್ತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಡಲಾಯಿತು. ಹೆಸರು ಬಂದದ್ದು ಗೋಪಾಲಸ್ವಾಮಿ ಬೆಟ್ಟದ ದೇವರಿಂದ. ಕೊಳಲಿನ ದೇವರು ಹೀಗೆ ಒಂದು ಇಡೀ ಕಾಡಿನ ಒಡೆಯನಾದನು. 1973ರಲ್ಲಿ ಬಂಡೀಪುರ ದೇಶದ ಮೊದಲ ಹುಲಿ ಯೋಜನೆಯ ಕಾಡುಗಳಲ್ಲಿ ಒಂದಾಯಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ಈ ರಕ್ಷಣೆಗೆ ಸೋಲಿಗರು ಬೆಲೆ ತೆತ್ತರು. ಅನೇಕ ಪೋಡುಗಳು (ಸೋಲಿಗರ ಹಾಡಿಗಳು) ಜಾಗ ಬದಲಿಸಬೇಕಾಯಿತು, ಕಾಡಿಗೆ ಬೆಂಕಿ ಹಾಕಿ ಬೇಸಾಯ ಮಾಡುವ ಪದ್ಧತಿ ನಿಂತಿತು, 2006ರಲ್ಲಿ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಕ್ಕೂ ತಡೆ ಬಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯದ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಮಾನ್ಯತೆ ಪಡೆದ ಮೊದಲಿಗರು ಇವರೇ.

ವಿಜ್ಞಾನದ ಕಣ್ಣಿನಲ್ಲಿ

ಮನಸ್ಸಿಗೂ ಚರ್ಮಕ್ಕೂ ಇರುವ ನಂಟನ್ನು ಆಧುನಿಕ ವೈದ್ಯ ವಿಜ್ಞಾನ ಬಿಡಿಸಿ ತೋರಿಸಿದೆ. ಒತ್ತಡ ಹೆಚ್ಚಿದಾಗ ಮೆದುಳಿನ ಸೂಚನೆಯಂತೆ ಮೂತ್ರಪಿಂಡದ ಮೇಲಿನ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಒತ್ತಡ ಬಹುಕಾಲ ಉಳಿದರೆ ಚರ್ಮದ ಹೊರಪದರದ ದುರಸ್ತಿ ನಿಧಾನವಾಗುತ್ತದೆ, ತೇವ ಆರಿಹೋಗುತ್ತದೆ. ಇಸುಬು, ಸೋರಿಯಾಸಿಸ್, ಮೊಡವೆಗಳು ಉಲ್ಬಣಿಸಬಹುದು. 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮರೆವಿನ ರೋಗವಿರುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನ ಸಣ್ಣ ಗಾಯ ಮಾಯಲು ಸರಾಸರಿ 48.7 ದಿನ ಬೇಕಾಯಿತು. ಅಂಥ ಹೊರೆಯಿಲ್ಲದ 13 ಮಹಿಳೆಯರಲ್ಲಿ ಅದು 39.3 ದಿನಕ್ಕೆ ಮಾಯಿತು.

ದನಿಯ ಪರಿಣಾಮವನ್ನು ಅಳೆಯಲು ಸಂಶೋಧಕರು ಬಳಸಿದ್ದೂ ಚರ್ಮವನ್ನೇ. ಮನಸ್ಸು ಉದ್ವಿಗ್ನವಾದಾಗ ಬೆವರು ಸೂಕ್ಷ್ಮವಾಗಿ ಒಸರಿ ಚರ್ಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಸ್ವೀಡನ್ನಿನಲ್ಲಿ 40 ಮಂದಿಗೆ ಕಷ್ಟದ ಮನಗಣಿತ ಕೊಟ್ಟು, ಅನಂತರ ಕೆಲವೊಮ್ಮೆ ನೀರು ಮತ್ತು ಹಕ್ಕಿಯ ದನಿಯನ್ನು, ಕೆಲವೊಮ್ಮೆ ವಾಹನ ಮೊದಲಾದವುಗಳ ಗದ್ದಲವನ್ನು ಕೇಳಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಸರ್ಗದ ದನಿ ಕೇಳುವಾಗ ಚರ್ಮದ ಈ ಗುರುತು ಬೇಗ ಇಳಿಯುವ ಒಲವು ಕಂಡಿತು. ಹೃದಯ ಬಡಿತದ ಅಳತೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೊಂದು, ನೀರಿನ ದನಿ ಮನಸ್ಸನ್ನು ಹಿತವಾಗಿಡುವುದರಲ್ಲೂ ಹಕ್ಕಿಯ ದನಿ ಒತ್ತಡ ಇಳಿಸುವುದರಲ್ಲೂ ಮುಂದಿವೆ ಎಂದು ತಿಳಿಸಿತು. ಹಾಗೆಂದು ದನಿ ಚರ್ಮರೋಗಕ್ಕೆ ಮದ್ದಲ್ಲ. ಒತ್ತಡ ಇಳಿದಾಗ ತುರಿಕೆ, ನಿದ್ದೆಗೇಡುಗಳ ಬಾಧೆ ತಗ್ಗಿ ಚಿಕಿತ್ಸೆಗೆ ಒತ್ತಾಸೆ ಸಿಗಬಹುದು. ರೋಗಕ್ಕೆ ವೈದ್ಯರ ನೆರವು ಬೇಕೇ ಬೇಕು.

ಕಾಯ್ದುಕೊಂಡ ಮೌನ

ನಿಸರ್ಗದ ದನಿ ಕೇಳಬೇಕಾದರೆ ಮೊದಲು ಮನುಷ್ಯನ ಗದ್ದಲ ನಿಲ್ಲಬೇಕು. ಈ ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಮಹತ್ವದ ಘಟ್ಟ ಅದೇ. ಗುಂಡ್ಲುಪೇಟೆಯಿಂದ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳು ಬಂಡೀಪುರವನ್ನು ಸೀಳಿ ಸಾಗುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿಯಿದೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ವಾಹನಗಳ ಪ್ರವೇಶವಿಲ್ಲ; ಭಕ್ತರು ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಮೇಲೇರಬೇಕು.

ನಿಷೇಧದ ಉದ್ದೇಶ ಪ್ರಾಣಿಗಳ ರಕ್ಷಣೆ. ಆದರೆ ಅದರಿಂದ ಉಳಿದದ್ದು ಪ್ರಾಣಿಗಳ ಜೀವವಷ್ಟೇ ಅಲ್ಲ. ರಾತ್ರಿ 9ಕ್ಕೆ ಮದ್ದೂರು, ಮೇಲುಕಾಮನಹಳ್ಳಿಯ ತನಿಖಾ ಠಾಣೆಗಳಲ್ಲಿ ಗೇಟು ಬಿದ್ದ ಮೇಲೆ, ಜೀರುಂಡೆಯ ಸದ್ದು, ಜಿಂಕೆಯ ಎಚ್ಚರಿಕೆಯ ಕೂಗು, ಬಿದಿರು ಮೆಳೆಯಲ್ಲಿ ಗಾಳಿ ನುಗ್ಗುವ ಸದ್ದು ವೇಣುಗೋಪಾಲನ ಹೆಸರು ಹೊತ್ತಿದ್ದ ಆ ಕಾಡಿನಲ್ಲಿ ಬೆಳಗಿನವರೆಗೆ ಹೆಚ್ಚು ಅಡ್ಡಿಯಿಲ್ಲದೆ ಕೇಳುತ್ತವೆ.