ಡೊನೇಷನ್ ಅನ್ನೋ ಶಬ್ದ ಉಲ್ಟಾ ಆದ ಕಥಿ

1/7
ಪಿಯುಸಿ ರಿಸಲ್ಟ್ ಬಂತಂದ್ರ ನಮ್ಮ ಕಟಕೋಳದಾಗ ಎಲ್ಲಾರೂ ಕೇಳೋದು ಒಂದೇ: "ಆ ಕಾಲೇಜಿನ್ಯಾಗ ಡೊನೇಷನ್ ಎಷ್ಟು?" ಈ ಶಬ್ದದ ಅರ್ಥ ದೇಣಿಗೆ. ದೇಣಿಗೆ ಅಂದ್ರ ಇದ್ದವರು ಇಲ್ಲದವರಿಗೆ ಕೊಡೋದು. ನೂರಾ ಇಪ್ಪತ್ತು ವರ್ಷದ ಹಿಂದೆ ನಮ್ಮ ಭಾಗದಾಗ ಅದು ಹಂಗೇ ಇತ್ತು. ಹಂಗಾದ್ರ ಕಲಿಯಾಕ ಹೊಂಟ ಹುಡುಗನ ಅಪ್ಪನೇ ಕಾಲೇಜಿಗೆ "ದೇಣಿಗೆ" ಕೊಡೋ ಕಾಲ ಹೆಂಗ ಬಂತು? ಸ್ವೈಪ್ ಮಾಡ್ರಿ. ಕೊನೆಗೆ ಅಡ್ಮಿಷನ್ ಟೈಮಿಗೆ ಬೇಕಾಗೋ ಲೆಕ್ಕನೂ ಐತಿ.

2/7
ಸಿರಸಂಗಿ ಅಂದ್ರ ನಮಗೆಲ್ಲ ಕಾಳಮ್ಮನ ಗುಡಿ ನೆನಪಾಗ್ತದ. ಅದೇ ಊರಿನ ದೇಸಾಯರು ಲಿಂಗರಾಜರು, ಹುಟ್ಟಿದ್ದು 1861. 1904ರಲ್ಲಿ ಧಾರವಾಡದಾಗ ನಡೆದ ಮೊದಲ ವೀರಶೈವ ಮಹಾಸಭೆಗೆ ಅಧ್ಯಕ್ಷರಾಗಿದ್ದವರು ಅವರೇ. 1906ರಲ್ಲಿ ತೀರಿಕೊಳ್ಳೋ ಮುಂಚೆ ಮೃತ್ಯುಪತ್ರ ಬರೆದು, ತಮ್ಮ ಆಸ್ತಿಯನ್ನ ಲಿಂಗಾಯತ ಮಕ್ಕಳ ಶಿಕ್ಷಣಕ್ಕೆ ಬಿಟ್ಟರು.

ಅವಾಗ ಇದು ಎಷ್ಟು ದೊಡ್ಡದಿತ್ತು ಅಂತ ತಿಳೀಬೇಕಂದ್ರ ಒಂದು ಮಾತು ನೆನಪಿಡ್ರಿ: ಧಾರವಾಡದ ಕರ್ನಾಟಕ ಕಾಲೇಜು ಸುರು ಆಗಿದ್ದು 1917ರಲ್ಲಿ. ಅದಕ್ಕೂ ಮೊದಲು ಡಿಗ್ರಿ ಬೇಕಂದ್ರ ಪುಣೆ, ಮುಂಬೈ ಇಲ್ಲಾ ಕೊಲ್ಲಾಪುರಕ್ಕ ಹೋಗಬೇಕಿತ್ತು. ಫೀಗಿಂತ ಪರಊರಿನ ಖೋಲಿ, ಊಟದ ಖರ್ಚೇ ಭಾರ. ರೈತನ ಮಗ ಅಲ್ಲೇ ನಿಂತುಬಿಡ್ತಿದ್ದ.

3/7
ಅದಕ್ಕ ಎರಡನೇ ಥರದ ಸಹಾಯ ಬಂತು: ಅನ್ನ. ಹಿಂದೆ ವಾರಾನ್ನ ಅಂತ ಇತ್ತು. ಬಡ ವಿದ್ಯಾರ್ಥಿ, ಹೆಚ್ಚಾಗಿ ಬ್ರಾಹ್ಮಣ ಹುಡುಗ, ವಾರದ ಏಳು ದಿನ ಏಳು ಮನ್ಯಾಗ ಉಣ್ಣತಿದ್ದ. ಧಾರವಾಡದ ಮುರುಘಾಮಠದಾಗ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದ್ರು. ಇರಾಕ ಜಾಗ, ಎರಡು ಹೊತ್ತು ಊಟ, ರೊಕ್ಕ ಇಲ್ಲ. ಕೊಲ್ಲಾಪುರದಾಗ ಶಾಹು ಮಹಾರಾಜರು 1901ರಿಂದ ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಸಮುದಾಯಗಳು, ಹಿಂಗ ಒಂದೊಂದಕ್ಕೂ ವಸತಿ ನಿಲಯ ಆಗಾಕ ಬೆಂಬಲ ಕೊಟ್ಟರು.

ಒಂದು ಮಾತು ಮುಚ್ಚಿಡಬಾರದು. ಈ ದೇಣಿಗೆಗಳಲ್ಲಿ ಹೆಚ್ಚಿನವು ಒಂದೊಂದು ಜಾತಿಗೆ ಮೀಸಲು. ಯಾರ ಸಮಾಜದಾಗ ದೇಸಾಯಿ ಇರಲಿಲ್ಲವೋ, ಮಠ ಇರಲಿಲ್ಲವೋ, ಅವರ ಮಕ್ಕಳಿಗೆ ಬಾಗಿಲು ತೆರೀಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಯಾಕೆ ಬೇಕು ಅನ್ನೋರಿಗೆ ಇದೇ ಉತ್ತರ.

4/7
ಮೂರನೇ ಸಹಾಯ ಯಾರ ಕಣ್ಣಿಗೂ ಬೀಳೋದಿಲ್ಲ: ಮಾಸ್ತರರ ಪಗಾರ. 1916ರಲ್ಲಿ ಬೆಳಗಾವಿಯೊಳಗ ಕೆಎಲ್‌ಇ ಸಂಸ್ಥೆ ಕಟ್ಟಿದವರನ್ನ ಸಪ್ತರ್ಷಿಗಳು ಅಂತಾರ. ಬಸವನಾಳ, ಸಾಖರೆ, ಹಂಚಿನಾಳ ಮುಂತಾದವರು ಸಂಸ್ಥೆಗೇ ಜೀವನ ಕೊಟ್ಟು ದುಡಿದ್ರು. ದೊಡ್ಡ ಪಗಾರದ ಸರ್ಕಾರಿ ನೌಕರಿಯ ದಾರಿ ಅವರು ಹಿಡೀಲಿಲ್ಲ. ಕಾಮರ್ಸ್ ಭಾಷೆಯಾಗ ಹೇಳಬೇಕಂದ್ರ ಸಂಸ್ಥೆಯ ಖರ್ಚನ್ನ ತಮ್ಮ ಮ್ಯಾಲೆ ಹಾಕ್ಕೊಂಡ್ರು.

1933ರಲ್ಲಿ ಸಂಸ್ಥೆ ಬೆಳಗಾವಿಯಾಗ ಕಾಲೇಜು ತೆರೆದಾಗ ಇಟ್ಟ ಹೆಸರು ಲಿಂಗರಾಜ ಕಾಲೇಜು. 1947ರಲ್ಲಿ ಹುಬ್ಬಳ್ಳಿ ಇಂಜಿನಿಯರಿಂಗ್ ಕಾಲೇಜಿಗೆ ದಾನಿ ಭೂಮರಡ್ಡಿಯವರ ಹೆಸರು. ಕೊಟ್ಟವರ ಹೆಸರು ಗ್ವಾಡಿ ಮ್ಯಾಲೆ, ಕಲಿಯೋರು ಒಳಗ. ಅವಾಗ ಡೊನೇಷನ್ ಅಂದ್ರ ಇದು.

5/7
ಮುಂದೆ ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ಜಗ್ಗಾಟ ಸುರುವಾತು. ಸೀಟು ಕಡಿಮಿ, ಬೇಕಾದವರು ಬಹಳ. ಅಲ್ಲಿಗೆ ಶಬ್ದ ತಿರುವ್ಯಾತು: ಕೊಡೋರು ಹುಡುಗನ ಮನಿಯವರು, ತೊಗೊಳ್ಳೋದು ಸಂಸ್ಥೆ. ಕರ್ನಾಟಕ ಸರ್ಕಾರ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂತು. ಆದ್ರ ಆಮೇಲಿನ ಸರ್ಕಾರಿ ಆದೇಶದಾಗೇ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀ ಮೂರು ಥರ ಇತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಅದೇ ಪಾಠ, ಅದೇ ಹೆಣ, ಮೂವತ್ತು ಪಟ್ಟು ಫರಕು!

ಮೀರತ್‌ನ ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ಇದನ್ನ ಪ್ರಶ್ನೆ ಮಾಡಿದ್ರು. 1992ರಲ್ಲಿ ಸುಪ್ರೀಂ ಕೋರ್ಟ್, ಕ್ಯಾಪಿಟೇಷನ್ ಕಾನೂನುಬಾಹಿರ ಅಂತು.

6/7
ಮರುವರ್ಷ, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು. ಅರ್ಧ ಸೀಟು ಸರ್ಕಾರಿ ಫೀಗೆ, ಅರ್ಧ ಸೀಟು ಹೆಚ್ಚಿನ ಫೀಗೆ. ಎರಡೂ ಮೆರಿಟ್ ಮ್ಯಾಲೆ. ಇದಕ್ಕ ನಾವು ಕ್ರಾಸ್ ಸಬ್ಸಿಡಿ ಅಂತೀವಿ: ಒಬ್ಬ ಹೆಚ್ಚು ಕೊಡ್ತಾನ, ಅದರಾಗ ಇನ್ನೊಬ್ಬ ಕಲೀತಾನ. ಕೇಳಾಕ ಛಲೋ ಐತಿ. ಆದ್ರ ಯೋಚನೆ ಮಾಡ್ರಿ: ಒಳ್ಳೆ ಕೋಚಿಂಗ್ ಸಿಕ್ಕ ಶ್ರೀಮಂತರ ಮಗನಿಗೆ ಅಗ್ಗದ ಸೀಟು, ಒಂದೆರಡು ಮಾರ್ಕ್ಸ್ ತಪ್ಪಿದ ರೈತನ ಮಗಳಿಗೆ ತುಟ್ಟಿ ಸೀಟು ಬಂದ್ರ? ಇಲ್ಲಿ ನೋಡಿದ್ದು ರ‍್ಯಾಂಕ್, ಮನಿಯ ಪರಿಸ್ಥಿತಿ ಅಲ್ಲ. 2002ರ ಟಿ.ಎಂ.ಎ. ಪೈ ತೀರ್ಪಿನೊಳಗ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನ ಕೈಬಿಟ್ಟಿತು.

ಇವತ್ತು ಒಂದೇ ಇಂಜಿನಿಯರಿಂಗ್ ಕ್ಲಾಸಿನ್ಯಾಗ ಸಿಇಟಿ, ಕಾಮೆಡ್‌-ಕೆ, ಮ್ಯಾನೇಜ್‌ಮೆಂಟ್ ಅಂತ ಮೂರು ರೇಟು ಕೂತಿರ್ತಾವ.

7/7
ಈಗ ನಿಮ್ಮ ಲೆಕ್ಕ. ಯಾರಾದ್ರೂ "ಸ್ಕಾಲರ್‌ಶಿಪ್ ಕೊಡ್ತೀವಿ" ಅಂದ್ರ ಮೂರು ಪ್ರಶ್ನೆ ಕೇಳ್ರಿ.

ಒಂದು, ಯಾವ ಖರ್ಚಿಗೆ? ಸರ್ಕಾರ 2021ರಲ್ಲಿ ಸುರು ಮಾಡಿದ ರೈತ ವಿದ್ಯಾನಿಧಿಯೊಳಗ ಡಿಗ್ರಿಗೆ ನಿಗದಿಯಾದದ್ದು ವರ್ಷಕ್ಕ ಹುಡುಗರಿಗೆ 5,000, ಹುಡುಗ್ಯಾರಿಗೆ 5,500. ಪುಸ್ತಕ, ಬಸ್ ಪಾಸಿಗೆ ಆದೀತು, ಖೋಲಿ ಬಾಡಗಿಗೆ ಆಗೋದಿಲ್ಲ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ರ ಇರೋ ವಿದ್ಯಾಸಿರಿ ಊಟ-ವಸತಿಗಂತಾನೇ ಮಾಡಿದ್ದು.

ಎರಡು, ಏನು ನೋಡಿ ಕೊಡ್ತಾರ? ಮಾರ್ಕ್ಸೋ, ಮನಿ ಆದಾಯನೋ? ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಖಾಸಗಿ, ಸೀಟು ಸಿಗೋದೂ ಕಷ್ಟ. ಆದ್ರ ಅಲ್ಲಿ ಕುಟುಂಬದ ಆದಾಯ ನೋಡಿ ಫೀ, ವಸತಿ, ಊಟಕ್ಕೂ ಸಹಾಯ ಐತಿ. ಬೋರ್ಡಿನ ಮ್ಯಾಲಿನ ಫೀ ನೋಡಿ ಹೆದರಿ ಅರ್ಜಿನೇ ಹಾಕದೆ ಕೂಡಬ್ಯಾಡ್ರಿ.

ಮೂರು, ಎಷ್ಟು ವರ್ಷ? ಮೊದಲ ವರ್ಷಕ್ಕಷ್ಟೇ ಕೊಡೋ ರಿಯಾಯಿತಿ ಸಹಾಯ ಅಲ್ಲ, ಜಾಹೀರಾತು.

ಒಟ್ಟು ಖರ್ಚಿನ್ಯಾಗ ಖರೇ ಸಿಗೋ ಸಹಾಯ ಕಳೀರಿ. ಉಳಿದದ್ದೇ ನಿಮ್ಮ ಮನಿಯಿಂದ ಹೋಗೋ ರೊಕ್ಕ. ಎರಡು ಕಾಲೇಜು ಹೋಲಿಸಬೇಕಾದ್ದು ಆ ನಂಬರ್ ಮ್ಯಾಲೆ. ಸೇವ್ ಮಾಡ್ಕೊಳ್ರಿ, ಪಿಯು ಓದೋ ನಿಮ್ಮ ತಮ್ಮ-ತಂಗಿಗೆ ಕಳಸ್ರಿ.

#ಕಟಕೋಳ #ನಮ್ಮಇತಿಹಾಸ #ಸಿರಸಂಗಿಲಿಂಗರಾಜ