ನೂರು ಮಣಿಯ ಜಪಮಾಲೆ

ಜಪಮಾಲೆಗೆ 108 ಮಣಿ ಎಂಬುದು ವಾಡಿಕೆ. 1865ರಲ್ಲಿ ನೇಪಾಳದಿಂದ ಟಿಬೆಟ್ ಹೊಕ್ಕ ನೈನ್ ಸಿಂಗ್ ರಾವತ್ ಕೈಯಲ್ಲಿದ್ದ ಮಾಲೆಗೆ 100. ಕುಮಾವೂಂ ಸೀಮೆಯ ಮಿಲಮ್ ಹಳ್ಳಿಯ ಈ ಶಾಲಾಮಾಸ್ತರ, ನೂರು ಹೆಜ್ಜೆಗೊಂದು ಮಣಿ ಜಾರಿಸುತ್ತ ಲಾಸಾದ ದಾರಿಯನ್ನು ಕಾಲಲ್ಲೇ ಅಳೆದ. ಮೈಲಿಗೆ ಸುಮಾರು 2,000 ಹೆಜ್ಜೆ. ಹಿಮಗಾಳಿಯಲ್ಲಿ ಆ ಎಣಿಕೆ ತಪ್ಪಬಾರದು! ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿಗಳು. ಕಿರೋಂಗ್‌ನಲ್ಲಿ ಒಮ್ಮೆ ತಡೆದು ಹಿಂದಕ್ಕಟ್ಟಿದಾಗ, ಲಡಾಖಿ ವೇಷ ತೊಟ್ಟು ಮತ್ತೆ ಹೊರಟ. ಸಿಕ್ಕಿಬಿದ್ದರೆ ತಲೆ ಉಳಿಯುವ ಭರವಸೆಯಿರಲಿಲ್ಲ.

ಆ ಪಯಣದ ಬಗ್ಗೆ ಮಾಂಟ್ಗೊಮರಿ ಪ್ರಕಟಿಸಿದ ವರದಿಯಲ್ಲಿ ಆತ ಬರೀ ‘ಪಂಡಿತ’. ಜೀವ ಕಾಯಲೆಂದೇ ಹೆಸರು ಮುಚ್ಚಿಟ್ಟರು ಎಂಬುದನ್ನು ಒಪ್ಪೋಣ. ಆದರೆ ನಡೆದವನು ಮರೆಯಲ್ಲಿ, ಬರೆದವನು ಬೆಳಕಿನಲ್ಲಿ ನಿಂತದ್ದೂ ನಿಜ. ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಆತನಿಗೆ ಸಂದದ್ದು 1877ರಲ್ಲಿ.